ಸೀಟು ಸಿಕ್ಕಿತು, ಕಾಲೇಜೇ ಹೋಯಿತು!

ಜಮ್ಮು-ಕಾಶ್ಮೀರದ ರಿಯಾಸಿ ಜಿಲ್ಲೆಯ ವೈಷ್ಣೋದೇವಿ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಎಂಬಿಬಿಎಸ್ ಸೀಟು ಮಂಜೂರಾಯಿತು. ಮಕ್ಕಳು ಸೇರಿದರು, ಪಾಠ ಶುರುವಾಯಿತು. 2026ರ ಜನವರಿ 6ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಅನುಮತಿಯನ್ನೇ ಕಿತ್ತುಕೊಂಡಿತು. ಪಾಠ ಹೇಳುವವರೂ ಸಾಲದು, ರೋಗಿಗಳೂ ಸಾಲದು ಎಂಬುದು ಕೊಟ್ಟ ಕಾರಣ. (ಪ್ರವೇಶ ಪಟ್ಟಿಯ ಬಗ್ಗೆ ಅಲ್ಲಿ ಮೊದಲೇ ಗಲಾಟೆ ಎದ್ದಿತ್ತು, ಅದು ಬೇರೆಯೇ ಕಥೆ.) ಕೆಲವೇ ತಿಂಗಳ ಹಿಂದೆ ಅನುಮತಿ ಕೊಟ್ಟವರಿಗೆ ಈ ಕೊರತೆ ಕಾಣಲಿಲ್ಲವೆ?

ಆ ಮಕ್ಕಳನ್ನು ಹೆಚ್ಚುವರಿ ಸೀಟಿನಲ್ಲಿ ಅಲ್ಲಿನದೇ ಬೇರೆ ಕಾಲೇಜುಗಳಿಗೆ ಸೇರಿಸಲು ಆಯೋಗ ಹೇಳಿತು. ಅಷ್ಟರಮಟ್ಟಿಗೆ ಬಚಾವು.

ಕರ್ನಾಟಕದ ಹೊಸ ಕಾಲೇಜುಗಳಿಗೂ ಇದೇ ಆಯೋಗ, ಇದೇ ಕಾನೂನು. ಮೊದಲು ಸಿಗುವುದು ಅನುಮತಿ ಪತ್ರ ಮಾತ್ರ. ಮಾನ್ಯತೆಯ ಮಾತು ಬರುವುದು ಮೊದಲ ಬ್ಯಾಚು ಕೊನೆಯ ಪರೀಕ್ಷೆಗೆ ಕೂರುವಾಗ, ಅಂದರೆ ನಾಲ್ಕೂವರೆ ವರ್ಷ ಕಳೆದ ಮೇಲೆ! ನೀಟ್‌ನಲ್ಲಿ ಮುಂದಿದ್ದವರು ಹಳೇ ಕಾಲೇಜು ಹಿಡಿಯುತ್ತಾರೆ. ರ್‍ಯಾಂಕ್ ಹಿಂದೆ ಬಿದ್ದ ಹುಡುಗಿಗೆ ಹೊಸದೇ ಗತಿ.

ಆಪ್ಷನ್ ಎಂಟ್ರಿಗೆ ಮುಂಚೆ ಅಪ್ಪ-ಅಮ್ಮ ಕಟ್ಟಡದ ಗಾಜು ನೋಡಿ ಮರುಳಾಗುವುದು ಬೇಡ. ಬೆಳಿಗ್ಗೆ ಹೋಗಿ ಹೊರರೋಗಿಗಳ ಕ್ಯೂ ಎಷ್ಟುದ್ದ, ವಾರ್ಡಿನ ಹಾಸಿಗೆ ಎಷ್ಟು ಖಾಲಿ ಎಂದು ನೋಡಿ ಬರಲಿ. ಈ ವರ್ಷದ ಅನುಮತಿ ಪತ್ರ ಎಲ್ಲಿ ಅಂತ ಕೇಳಲಿ.