ಯಾರ ರೂಮಿನ ಟೆಂಪರೇಚರ್?

"ನಿನ್ನ ಕೈಗುಣಾನೇ ಸರಿ ಇಲ್ಲ ಬಿಡು" ಅಂದಿದ್ದರು ನನ್ನ ಓರಗಿತ್ತಿ. ಮಗಳ ಹುಟ್ಟುಹಬ್ಬಕ್ಕೆಂದು ಮಾಡಿದ ಕೇಕು ನಡುವೆ ಕುಸಿದು, ತಳದಲ್ಲಿ ಜಿಡ್ಡು ಕಟ್ಟಿಕೊಂಡು ಕೂತಿತ್ತು. ಅದು ಬಳ್ಳಾರಿಯ ಏಪ್ರಿಲ್ ತಿಂಗಳು. ಅಳತೆಯಲ್ಲಿ ಒಂದು ಗ್ರಾಂ ಆಚೀಚೆ ಆಗಿರಲಿಲ್ಲ. ಆದರೂ ಕೈಗುಣವೇ ಇರಬೇಕು ಎಂದು ಅವತ್ತು ಒಪ್ಪಿಕೊಂಡೆ. ಆ ಒಪ್ಪಿಗೆಯನ್ನು ಈಗ ವಾಪಸು ಪಡೆಯುತ್ತಿದ್ದೇನೆ.

ನನ್ನ ತಕರಾರು ಒಂದೇ ಒಂದು ಸಾಲಿನ ಮೇಲೆ. ಕೇಕಿನ ರೆಸಿಪಿ ಎಲ್ಲೇ ನೋಡಿ, "ರೂಮ್ ಟೆಂಪರೇಚರಿನಲ್ಲಿರುವ ಬೆಣ್ಣೆಗೆ ಸಕ್ಕರೆ ಹಾಕಿ ಎರಡು ನಿಮಿಷ ಬೀಟ್ ಮಾಡಿ" ಎಂದಿರುತ್ತದೆ. ಯಾರ ರೂಮು ಸ್ವಾಮಿ? ಚಳಿ ದೇಶದ ಅಡುಗೆಮನೆಯಲ್ಲಿ ಮೇಜಿನ ಮೇಲಿಟ್ಟ ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿ ಹದವಾಗಿ ನಿಲ್ಲುತ್ತದೆ. ನಮ್ಮೂರಿನ ಬೇಸಿಗೆ 40 ದಾಟುತ್ತದೆ. ಬೆಣ್ಣೆ 35ರ ಹೊತ್ತಿಗೇ ಕರಗಿ ಎಣ್ಣೆಯಾಗಿರುತ್ತದೆ. ರೆಸಿಪಿಯನ್ನು ಕನ್ನಡಕ್ಕೆ ತಂದವರು ಇಲ್ಲಿನ ಬಿಸಿಲನ್ನು ಮರೆತೇಬಿಟ್ಟರು.

ಇದು ಸಣ್ಣ ಮರೆವಲ್ಲ. ಬೆಣ್ಣೆ, ಸಕ್ಕರೆ ಬೀಟ್ ಮಾಡುವುದು ಗಾಳಿ ತುಂಬಲಿಕ್ಕೆ. ಸಕ್ಕರೆಯ ಹರಳುಗಳು ಬೆಣ್ಣೆಯೊಳಗೆ ಗಾಳಿಯನ್ನು ಎಳೆದೊಯ್ಯುತ್ತವೆ. ಮೆತ್ತಗಾಗಿಯೂ ಗಟ್ಟಿತನ ಬಿಡದ ಬೆಣ್ಣೆ ಆ ಪುಟ್ಟ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಕಿಂಗ್ ಪೌಡರ್ ಊದಿಸುವುದು ಹೀಗೆ ಮೊದಲೇ ಸೇರಿದ ಗುಳ್ಳೆಗಳನ್ನೇ. ಕರಗಿದ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ. ಆಮೇಲೆ ಸೋಡಾ ಎಷ್ಟು ಸುರಿದರೂ ಬರುವುದು ಸಾಬೂನಿನ ರುಚಿ.

ಎರಡು ನಿಮಿಷ ಎಂಬುದೂ ಸುಳ್ಳು. ನಮ್ಮ ಅಂಗಡಿಗಳ ಸಕ್ಕರೆ ದಪ್ಪ ಹರಳಿನದು. ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಸಣ್ಣಗೆ ಮಾಡಿಕೊಳ್ಳಬೇಕು, ಪೂರ್ತಿ ಪುಡಿ ಮಾಡಬಾರದು. ಆಮೇಲೂ ಬೀಟರಿನಲ್ಲಿ ನಾಲ್ಕೈದು ನಿಮಿಷ ಬೇಕು, ಮರದ ಸೌಟಿನಲ್ಲಾದರೆ ಕಾಲು ಗಂಟೆ. ನಾನ್‌ಖಟಾಯಿಗೆ ತುಪ್ಪ, ಸಕ್ಕರೆಯನ್ನು ಅಂಗೈಯಲ್ಲಿ ತಿಕ್ಕುತ್ತಿದ್ದ ನಮ್ಮಮ್ಮ ಗಡಿಯಾರ ನೋಡುತ್ತಿರಲಿಲ್ಲ. ಬೆಳ್ಳಗಾಗಿ ಹಗುರಾಯಿತೇ ಎಂದಷ್ಟೇ ನೋಡುತ್ತಿದ್ದಳು. ವಿಡಿಯೋದವರು ಆ ಹೊತ್ತನ್ನೇ ಕತ್ತರಿಸಿ ಹಾಕಿ, ಕೆಲಸ ಸುಲಭ ಎಂದು ನಂಬಿಸುತ್ತಾರೆ.

"ಇಷ್ಟೆಲ್ಲ ಯಾಕೆ, ಎಣ್ಣೆ ಹಾಕಿ ಮಾಡಿ" ಎನ್ನುವವರಿದ್ದಾರೆ. ಧಾರಾಳವಾಗಿ ಮಾಡಿ, ಅದರ ಲೆಕ್ಕವೇ ಬೇರೆ. ಆದರೆ ಬೆಣ್ಣೆ ಕೇಕು ಎಂದು ಹೆಸರಿಟ್ಟ ಮೇಲೆ ಬೆಣ್ಣೆಯ ಹದ ಹೇಳಬೇಕಾದದ್ದು ಬರೆದವರ ಜವಾಬ್ದಾರಿ. ಒತ್ತಿದರೆ ಗುಳಿ ಬೀಳಬೇಕು, ಬೆರಳು ಎಣ್ಣೆಯಾಗಿ ಹೊಳೆಯಬಾರದು. ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದು ತುಂಡು ಮಾಡಿಟ್ಟರೆ ಹತ್ತು ನಿಮಿಷದೊಳಗೇ ಈ ಹದ ಬಂದುಬಿಡುತ್ತದೆ. ಬೀಟ್ ಮಾಡುವಾಗ ಸಡಿಲಾದರೆ ಪಾತ್ರೆಯನ್ನು ತಣ್ಣೀರಿನಲ್ಲಿ ಕೂರಿಸಬೇಕು. ಮೂರ್ನಾಲ್ಕು ಸಾಲಿನ ಮಾತು. ಅದನ್ನು ಬರೆಯುವ ಸೋಮಾರಿತನಕ್ಕೆ ಎಷ್ಟು ಹೆಂಗಸರ ಕೈಗೆ ಕೆಟ್ಟ ಹೆಸರು ಬಂದಿದೆಯೋ!

ಈ ಏಪ್ರಿಲ್‌ನಲ್ಲಿ ಕೇಕು ಚೆನ್ನಾಗಿ ಉಬ್ಬಿತು. "ಈ ಸಲ ನಿನ್ನ ಕೈಗುಣ ಕುದುರೈತೆ ನೋಡು" ಅಂದರು ಓರಗಿತ್ತಿ, ಎರಡನೇ ತುಂಡಿಗೆ ತಟ್ಟೆ ಚಾಚುತ್ತ.

"ಕೈ ಅದೇ ಐತಕ್ಕಾ, ಬೆಣ್ಣೆ ತಣ್ಣಗಿತ್ತು" ಅಂದೆ.