ಆಟದ ರೈಲು, ಅಸಲಿ ಮಾಲೀಕರು

ಜರ್ಮನಿಯ ಗೊಪ್ಪಿಂಗೆನ್ ಪಟ್ಟಣದ ಮೆರ್ಕ್ಲಿನ್ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿದ್ದು 2009ರ ಫೆಬ್ರುವರಿ 4ರಂದು. ಆಟಿಕೆ ಉದ್ಯಮದ ಬಹುದೊಡ್ಡ ವಾರ್ಷಿಕ ಮೇಳ ನ್ಯೂರೆಂಬರ್ಗ್‌ನಲ್ಲಿ ಆರಂಭವಾಗಲು ಒಂದೇ ದಿನ ಉಳಿದಿತ್ತು. ಅದು ಸಂಸ್ಥೆಯ ನೂರೈವತ್ತನೆಯ ವರ್ಷವೂ ಆಗಿತ್ತು.

ಮಾದರಿ ರೈಲು ಮಕ್ಕಳ ಆಟಿಕೆಯೆಂದೇ ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಯುರೋಪಿನಲ್ಲಿ ಅದರ ಗಿರಾಕಿಗಳು ಹೆಚ್ಚಾಗಿ ನನ್ನ ಪ್ರಾಯದವರು. 1859ರಲ್ಲಿ ಬೊಂಬೆಮನೆಯ ತಗಡಿನ ಪಾತ್ರೆಗಳಿಂದ ವ್ಯಾಪಾರ ಆರಂಭಿಸಿದ ಮೆರ್ಕ್ಲಿನ್, 1891ರ ಲೈಪ್‌ಜಿಗ್ ಮೇಳದಲ್ಲಿ ಅಳತೆ ನಿಗದಿಯಾದ ಹಳಿಗಳ ರೈಲನ್ನು ಮುಂದಿಟ್ಟಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಆ ಜಾಣ್ಮೆ ಇಂದಿಗೂ ಬೆರಗು ತರಿಸುತ್ತದೆ. ಅಳತೆ ಒಂದೇ ಆದ ಮೇಲೆ ಈ ವರ್ಷ ಎಂಜಿನ್, ಮುಂದಿನ ವರ್ಷ ಎರಡು ಬೋಗಿ, ಅದರಾಚೆಗೆ ಒಂದು ನಿಲ್ದಾಣ. ಒಮ್ಮೆ ಒಳಗೆ ಬಂದ ಗಿರಾಕಿ ಹೊರಗೆ ಹೋಗುವುದಿಲ್ಲ. 1935ರಲ್ಲಿ ಮೇಜಿನ ಮೇಲೆ ಓಡುವ ಚಿಕ್ಕ ಅಳತೆಯ ರೈಲು ಬಂದಿತು. ಅರ್ಧ ಶತಮಾನದ ಹಿಂದೆ ಕೊಂಡ ಎಂಜಿನ್ ಕೂಡ ಇಂದಿನ ಹಳಿಯ ಮೇಲೆ ಓಡಬಲ್ಲದು. ಹೀಗೆ ಗಿರಾಕಿಯನ್ನು ಕೈಬಿಡದ ಉದ್ದಿಮೆಗಳು ಎಷ್ಟಿವೆ?

ಇಂಥ ಸಂಸ್ಥೆ ಕುಸಿಯಿತೇಕೆ? ಹೊರಗಿನ ಬಂಡವಾಳವನ್ನೇ ದೂರುವುದು ಸುಲಭ. ಆದರೆ ಅದು ಅರ್ಧಸತ್ಯ. ಒಡೆತನ ಹಂಚಿಕೊಂಡಿದ್ದ ಮೂರು ಕುಟುಂಬಗಳಲ್ಲಿ ಒಮ್ಮತವಿರಲಿಲ್ಲ, ಮಾರಾಟ ಇಳಿಯುತ್ತಿತ್ತು, ಬ್ಯಾಂಕುಗಳ ಸಾಲ ಬೆಳೆದಿತ್ತು. 2006ರಲ್ಲಿ ಅವರು ಸಂಸ್ಥೆಯನ್ನು ಲಂಡನ್ನಿನ ಕಿಂಗ್ಸ್‌ಬ್ರಿಡ್ಜ್ ಕ್ಯಾಪಿಟಲ್ ಮತ್ತು ಗೋಲ್ಡ್‌ಮನ್ ಸ್ಯಾಕ್ಸ್‌ಗೆ ಮಾರಿದರು. ತಾನೇ ಸಂಕಷ್ಟದಲ್ಲಿದ್ದ ಸಂಸ್ಥೆ ಮರುವರ್ಷವೇ ದಿವಾಳಿಯಾಗಿದ್ದ ಎಲ್‌ಜಿಬಿಯನ್ನು ಕೊಂಡಿತು. ಸಲಹೆಗಾರರ ಶುಲ್ಕಕ್ಕೇ ಕೋಟ್ಯಂತರ ಯೂರೊ ಹೋಗಿತ್ತೆಂಬುದು ದಿವಾಳಿಯ ನಂತರ ಬಯಲಾಯಿತು. ಬ್ಯಾಂಕುಗಳು ಸಾಲದ ಅವಧಿ ವಿಸ್ತರಿಸಲು ಒಪ್ಪದಿದ್ದಾಗ ಬೇರೆ ದಾರಿ ಉಳಿಯಲಿಲ್ಲ.

ಒಂದು ಎಂಜಿನ್ನಿನ ಅಚ್ಚಿಗೆ ಹಾಕಿದ ಹಣ ಮರಳಿ ಬರಲು ಹಲವು ವರ್ಷ ಬೇಕು. ಕೆಲವೇ ವರ್ಷಗಳಲ್ಲಿ ಮಾರಿ ಹೊರಡುವ ಹೂಡಿಕೆ ನಿಧಿಯ ಪಂಚಾಂಗಕ್ಕೂ ಅಚ್ಚಿನ ಆಯುಷ್ಯಕ್ಕೂ ಹೊಂದಿಕೆಯಾಗುವುದು ಕಷ್ಟ. ಸರ್ಕಾರಿ ಸೇವೆಯಲ್ಲಿದ್ದಾಗ ರೋಗಗ್ರಸ್ತ ಉದ್ದಿಮೆಗಳ ಮೌಲ್ಯಮಾಪನದ ಕಡತಗಳು ನನ್ನ ಮೇಜಿಗೂ ಬರುತ್ತಿದ್ದವು. ಜಮೀನಿಗೆ ಚದರಡಿಯ ಲೆಕ್ಕವಿರುತ್ತಿತ್ತು. ಅಚ್ಚು, ಉಪಕರಣಗಳಿಗೆ ಸವಕಳಿ ಕಳೆದು ಒಂದು ರೂಪಾಯಿ. ಅವುಗಳನ್ನು ತಿದ್ದಿ ತೀಡಬಲ್ಲ ಕಾರ್ಮಿಕನಿಗೆ ಲೆಕ್ಕದಲ್ಲಿ ಅಂಕಣವೇ ಇರಲಿಲ್ಲ.

ಬ್ರಿಟನ್ನಿನ ಹಾರ್ನ್‌ಬಿಯ ಕತೆ ಇನ್ನಷ್ಟು ಸುತ್ತುಬಳಸಿನದು. ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಲಿವರ್‌ಪೂಲ್‌ನಲ್ಲಿ ರೈಲು ತಯಾರಿಕೆ ಆರಂಭಿಸಿದರು. 1964ರಲ್ಲಿ ಸಂಸ್ಥೆ ಪ್ರತಿಸ್ಪರ್ಧಿ ಲೈನ್ಸ್ ಬ್ರದರ್ಸ್ ಪಾಲಾಯಿತು. 1971ರಲ್ಲಿ ಆ ಕೊಂಡವರೇ ಮುಳುಗಿದರು. ಬಳಿಕ ಬಂದ ಒಡೆಯರೂ 1980ರಲ್ಲಿ ದಿವಾಳಿಯಾದರು. ಒಡೆಯರು ಉರುಳಿದರೂ ಹೆಸರು ಉಳಿಯಿತು. ಆದರೆ 1990ರ ದಶಕದಲ್ಲಿ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿದಾಗ ಬೇರೊಂದು ಬಗೆಯ ಪರಾಧೀನತೆ ಬಂದಿತು. ಹಾರ್ನ್‌ಬಿಗೆ ಎಂಜಿನ್ ಮಾಡಿಕೊಡುತ್ತಿದ್ದ ಸಾಂಡಾ ಕಾನ್ ಕಾರ್ಖಾನೆಯನ್ನು ಕೆಲವು ವರ್ಷಗಳ ಬಳಿಕ ಹಾಂಗ್‌ಕಾಂಗ್‌ನ ಕೇಡರ್ ಸಮೂಹ ಕೊಂಡಿತು. ಹಾರ್ನ್‌ಬಿಯ ನೇರ ಎದುರಾಳಿ ಬಾಕ್‌ಮನ್ 1987ರಿಂದಲೂ ಅದೇ ಕೇಡರ್‌ನ ಸೊತ್ತು. ತನ್ನ ಸರಕನ್ನು ಎದುರಾಳಿಯ ಒಡೆಯನೇ ತಯಾರಿಸಿಕೊಡಬೇಕಾದ ಸ್ಥಿತಿ! 2012ರ ಹೊತ್ತಿಗೆ ಸರಕು ಸಕಾಲಕ್ಕೆ ಬಾರದೆ ಹಾರ್ನ್‌ಬಿಯ ಲಾಭ ಕರಗಿತು. 2017ರಲ್ಲಿ ನಿಯಂತ್ರಣ ಫೀನಿಕ್ಸ್ ಎಂಬ ಹೂಡಿಕೆ ಸಂಸ್ಥೆಯ ಕೈಸೇರಿತು.

ಮೆರ್ಕ್ಲಿನ್ ಇನ್ನೊಂದು ದಾರಿ ಹಿಡಿಯಿತು. ದಿವಾಳಿ ಆಡಳಿತಗಾರ ಮಿಶಾಯೆಲ್ ಪ್ಲೂಟಾ ಅದನ್ನು ತುಂಡು ತುಂಡಾಗಿ ಹರಾಜು ಹಾಕಲಿಲ್ಲ. ವೆಚ್ಚ ತಗ್ಗಿಸಿ ನಡೆಸಿದರು. 2010ರ ಕೊನೆಯಲ್ಲಿ ಸಾಲಗಾರರು ಪುನಶ್ಚೇತನ ಯೋಜನೆಗೆ ಒಪ್ಪಿದರು. 2013ರಲ್ಲಿ ಕೊಂಡದ್ದು ಫ್ಯುರ್ತ್ ನಗರದ ಸೀಬರ್ ಕುಟುಂಬ. ಸಿಂಬಾ ಡಿಕಿ ಎಂಬ ಆಟಿಕೆ ಸಮೂಹ ಅವರದು. ಚೀನಾಕ್ಕೆ ಹೋಗಿದ್ದ ತಯಾರಿಕೆಯನ್ನು ಗೊಪ್ಪಿಂಗೆನ್‌ಗೂ ಹಂಗೆರಿಯ ಗ್ಯೋರ್‌ಗೂ ಮರಳಿ ತರಲಾಯಿತು. ಕುಟುಂಬದ ಒಡೆತನವೆಂದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಹಿಂದಿನವರೂ ಕುಟುಂಬದವರೇ ಅಲ್ಲವೆ? ಆದರೆ ಹೊಸಬರು ಆಟಿಕೆಯ ವ್ಯಾಪಾರ ಬಲ್ಲವರಾಗಿದ್ದರು.

ನಮ್ಮ ದೇಶಕ್ಕೂ ಇಲ್ಲಿ ಒಂದು ಎಳೆಯಿದೆ. ಹಾರ್ನ್‌ಬಿ 2006ರಲ್ಲಿ ಕೊಂಡ ಏರ್‌ಫಿಕ್ಸ್‌ನ ಪ್ಲಾಸ್ಟಿಕ್ ವಿಮಾನಗಳ ಬಿಡಿಭಾಗಗಳು ಹಲವು ವರ್ಷ ತಯಾರಾದದ್ದು ಭಾರತದಲ್ಲಿ. ಪೆಟ್ಟಿಗೆಯ ಮೇಲೆ ಹಾಗೆಂದೇ ಅಚ್ಚಾಗಿರುತ್ತಿತ್ತು. ದುಡಿಮೆ ನಮ್ಮದು. ಹೆಸರು ಮಾತ್ರ ಹಾರ್ನ್‌ಬಿಯದೇ.