ಒಂದೇ ದಿನದ ಶಸ್ತ್ರಚಿಕಿತ್ಸೆ: ಗೋಡೆಯ ಮೇಲಿನ ಪತ್ರ ಓದಿದಿರಾ?

ಮಕ್ಕಳಿಗೆ ರಜೆ ಬಂತೆಂದರೆ ಟಾನ್ಸಿಲ್, ಹರ್ನಿಯಾದಂಥ ಶಸ್ತ್ರಚಿಕಿತ್ಸೆಯನ್ನು ಮುಗಿಸಿಬಿಡೋಣ ಎಂದು ತಂದೆತಾಯಿ ಯೋಚಿಸುವುದುಂಟು. ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಇಂಥ ‘ಡೇ ಕೇರ್’ ಕೇಂದ್ರದಲ್ಲಿ ರಾತ್ರಿ ತಂಗಬೇಕಿಲ್ಲ. ಹಾಗೆಂದು ಅದಕ್ಕೆ ನಿಯಮಗಳೂ ಕಡಿಮೆ ಎಂದು ತಿಳಿಯಬೇಡಿ. ಅರಿವಳಿಕೆಯ ಅಪಾಯ ಕೇಂದ್ರ ಚಿಕ್ಕದೋ ದೊಡ್ಡದೋ ಎಂದು ನೋಡುವುದಿಲ್ಲ.

ನಮ್ಮ ರಾಜ್ಯದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ ಜಾರಿಯಲ್ಲಿದೆ. ಹಾಸಿಗೆ ಇರಲಿ, ಇಲ್ಲದಿರಲಿ, ಖಾಸಗಿ ಚಿಕಿತ್ಸಾ ಕೇಂದ್ರ ನಡೆಸುವವರು ನೋಂದಣಿ ಮಾಡಿಸಲೇಬೇಕು. ನೋಂದಣಿ ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ. ಅದರ ಅವಧಿ 5 ವರ್ಷ, ಆಮೇಲೆ ನವೀಕರಿಸಬೇಕು. ನೋಂದಣಿ ಪತ್ರವನ್ನೂ ಚಿಕಿತ್ಸಾ ದರಗಳನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಪತ್ರದಲ್ಲಿ ಕೇಂದ್ರದ ಹೆಸರನ್ನೂ ಅವಧಿ ಮುಗಿಯುವ ದಿನಾಂಕವನ್ನೂ ನೋಡಿ.

ಈ ಒಂದು ಪತ್ರದಿಂದಲೇ ಎಲ್ಲ ಮುಗಿಯುವುದಿಲ್ಲ. ರಕ್ತಸಿಕ್ತ ಹತ್ತಿ, ಸೂಜಿ ಮುಂತಾದ ತ್ಯಾಜ್ಯದ ವಿಲೇವಾರಿಗೆ 2016ರ ನಿಯಮಗಳಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ‘ಸಿ-ಆರ್ಮ್’ ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು.

ಇದರಲ್ಲಿ ಹಣದ ಪ್ರಶ್ನೆಯೂ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯಂತೆ ಡೇ ಕೇರ್ ಕೇಂದ್ರದಲ್ಲಿ ಅರ್ಹ ದಾದಿಯರು, ಹೊಣೆ ಹೊತ್ತ ಅರ್ಹ ವೈದ್ಯರು, ಸ್ವಂತ ಸುಸಜ್ಜಿತ ಶಸ್ತ್ರಚಿಕಿತ್ಸಾ ಕೊಠಡಿ, ರೋಗಿಗಳ ದೈನಂದಿನ ದಾಖಲೆ ಇರಬೇಕು. ಅಗತ್ಯವಿರುವೆಡೆ ಸ್ಥಳೀಯ ನೋಂದಣಿಯೂ ಇರಬೇಕು. ಇವುಗಳಲ್ಲಿ ಕೊರತೆಯಿದ್ದರೆ ವಿಮಾ ಕಂಪನಿ ಬಿಲ್ ಪಾವತಿಸಲು ತಕರಾರು ತೆಗೆಯಬಹುದು. ಹೊರರೋಗಿ ವಿಭಾಗದಲ್ಲಿ ಪಡೆದ ಚಿಕಿತ್ಸೆ ‘ಡೇ ಕೇರ್’ ಎನಿಸುವುದೇ ಇಲ್ಲ. ಆದ್ದರಿಂದ ಚಿಕಿತ್ಸೆಗೆ ಮುಂಚೆಯೇ ವಿಮಾ ಕಂಪನಿಯಲ್ಲಿ ವಿಚಾರಿಸಿಕೊಳ್ಳಿ.

ಅನುಮತಿಪತ್ರ ಕನಿಷ್ಠ ಅರ್ಹತೆಯಷ್ಟೇ. ಅದು ವೈದ್ಯರ ಕೈಗುಣಕ್ಕೆ ಖಾತರಿಯಲ್ಲ. ಹಾಗಾಗಿ ಕೆಲವು ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿ. ಅರಿವಳಿಕೆ ಕೊಡುವವರು ಆ ವಿಷಯದ ತಜ್ಞರೇ? ತೊಂದರೆಯಾದರೆ ಯಾವ ದೊಡ್ಡ ಆಸ್ಪತ್ರೆಗೆ, ಹೇಗೆ ಸಾಗಿಸುತ್ತಾರೆ? ರಾತ್ರಿ ರಕ್ತಸ್ರಾವ ಕಂಡರೆ ಯಾರಿಗೆ ಫೋನ್ ಮಾಡಬೇಕು? ಹೀಗೆ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ. ಒಳ್ಳೆಯ ವೈದ್ಯರು ಇದರಿಂದ ಬೇಸರಪಡುವುದೂ ಇಲ್ಲ.

ವಿದ್ಯಾರ್ಥಿಗಳಿಗೊಂದು ಮಾತು. 18 ತುಂಬಿದವರ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಸಹಿ ಸಾಲದು, ನಿಮ್ಮದೇ ಬೇಕು. ಓದಿ, ಅರ್ಥವಾಗದ್ದನ್ನು ಕೇಳಿ, ನಂತರ ಸಹಿ ಮಾಡಿ.

ನೋಂದಣಿ ಪತ್ರ ಕಾಣದಿದ್ದರೆ, ಕೇಳಿದರೂ ತೋರಿಸದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರು ಕೊಡಬಹುದು. ತುರ್ತಿಲ್ಲದ ಶಸ್ತ್ರಚಿಕಿತ್ಸೆಯಾದರೆ ವೈದ್ಯರ ಸಲಹೆ ಪಡೆದು ಒಂದು ವಾರ ತಡಮಾಡಿದರೂ ಚಿಂತೆಯಿಲ್ಲ. ವಿಚಾರಿಸದೆ ಮಗುವನ್ನು ಮೇಜಿನ ಮೇಲೆ ಮಲಗಿಸಬೇಡಿ.